ವೋಚರ್ ಹಾಕಲು ಒಂದು ನಿಮಿಷ, ದುಡ್ಡು ವಾಪಸ್ ಬರಲು ವಾರಗಟ್ಟಲೆ: ಆನ್‌ಲೈನ್ ಕ್ಯಾಸಿನೊ ವೋಚರ್‌ಗಳ ಅಸಲಿ ಲೆಕ್ಕ

ಕೊಪ್ಪದವನು (ಮೆಲ್ಬರ್ನ್)

ಇಲ್ಲಿ ಓದಲು ಬಂದಿರುವ ನಮ್ಮ ಹುಡುಗರಲ್ಲಿ ಕೆಲವರು ಫೋನಿನಲ್ಲೇ ಪೋಕೀಸ್, ಅಂದರೆ ಸ್ಲಾಟ್ ಆಟ, ಆಡುತ್ತಾರೆ. ಕಾರ್ಡ್ ಹಾಕಿದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ, ಕೆಲವು ಬ್ಯಾಂಕುಗಳು ತಡೆದೂ ಬಿಡುತ್ತವೆ. ಅದಕ್ಕೇ ಮೂಲೆ ಅಂಗಡಿಗೋ ಪೇಪರ್ ಮಾರುವ ಅಂಗಡಿಗೋ ಹೋಗಿ ನಗದು ಕೊಟ್ಟು ನಿಯೋಸರ್ಫ್, ಫ್ಲೆಕ್ಸಿಪಿನ್ ಥರದ ವೋಚರ್ ತರುತ್ತಾರೆ. ಚೀಟಿಯಲ್ಲಿರುವ ಕೋಡ್ ಹೊಡೆದರೆ ತಕ್ಷಣ ದುಡ್ಡು ಜಮಾ. ಹೆಸರಿಲ್ಲ, ವಿಳಾಸವಿಲ್ಲ, ಯಾರೂ ಏನೂ ಕೇಳಲ್ಲ.

ನನ್ನ ಜೊತೆ ಮನೆ ಹಂಚಿಕೊಂಡಿರುವ ಹುಡುಗ, ನಮ್ಮ ಊರ ಕಡೆಯವನೇ, ಹೀಗೆ ಆಡಿ ಒಂದಿಷ್ಟು ಗೆದ್ದ. ಖಾತೆಯಲ್ಲಿ 640 ಯೂರೋ ತೋರಿಸುತ್ತಿದೆ. ಹೊರಗೆ ತೆಗೆಯೋಣ ಅಂತ ಹೋದರೆ ಶುರುವಾಯಿತು ನೋಡಿ. ವೋಚರ್‌ಗೆ ವಾಪಸ್ ಹಾಕಲು ಆಗಲ್ಲ, ಬ್ಯಾಂಕ್ ಟ್ರಾನ್ಸ್‌ಫರ್ ಮಾತ್ರ ಅಂದರು. ಬ್ಯಾಂಕ್ ವಿವರ ಕೊಟ್ಟ. ಮೊದಲು ಪಾಸ್‌ಪೋರ್ಟ್ ಕಳಿಸಿ ಅಂದರು. ಕಳಿಸಿದ. ಮೂರು ತಿಂಗಳೊಳಗಿನ ಕರೆಂಟ್ ಬಿಲ್ ಬೇಕು ಅಂದರು. ಬಿಲ್ ನನ್ನ ಹೆಸರಿನಲ್ಲಿದೆ, ಅವನ ಹೆಸರಿನಲ್ಲಿ ಏನೂ ಇಲ್ಲ. ಬಾಡಿಗೆ ಕರಾರು ಕಳಿಸಿದ. ಅದರ ಮೂಲೆ ಕಾಣಿಸುತ್ತಿಲ್ಲ, ಮತ್ತೆ ಫೋಟೋ ತೆಗೆಯಿರಿ ಅಂದರು. ಈಗ ಕೊನೆಯದಾಗಿ, ವೋಚರ್ ಕೊಂಡ ರಸೀದಿಯ ಫೋಟೋ ಕೇಳುತ್ತಿದ್ದಾರೆ. ಅಂಗಡಿಯಲ್ಲಿ ಕೊಟ್ಟ ಆ ಬಿಳಿ ಚೀಟಿಯನ್ನು ಯಾರು ಇಟ್ಟುಕೊಳ್ಳುತ್ತಾರೆ ಮಾರಾಯ್ರೆ?

ನನಗೆ ಸಿಟ್ಟು ಬಂದಿರುವುದು ಇನ್ನೊಂದು ವಿಷಯಕ್ಕೆ. ಹಾಕುವಾಗಲೇ ದುಡ್ಡು ಸೋರಿದೆ, ಅದು ಅವನ ಗಮನಕ್ಕೇ ಬಂದಿಲ್ಲ. ಅಂಗಡಿ ಮುಚ್ಚಿದ್ದ ರಾತ್ರಿ ಆನ್‌ಲೈನ್ ಮಾರಾಟಗಾರನ ಹತ್ತಿರ 100 ಡಾಲರ್ ಕೋಡ್ ಕೊಂಡಿದ್ದಾನೆ, ಸರ್ವಿಸ್ ಚಾರ್ಜ್ ಸೇರಿ 106. ಕ್ಯಾಸಿನೊ ಖಾತೆ ಯೂರೋದಲ್ಲಿದೆ. ಆ ದಿನದ ದರಕ್ಕೆ 100 ಡಾಲರ್‌ಗೆ 57 ಯೂರೋ ಬರಬೇಕು, ಜಮಾ ಆಗಿದ್ದು 54. ಎಲ್ಲೂ 'ಫೀ' ಅಂತ ಒಂದು ಸಾಲೂ ಇಲ್ಲ. ಡೆಪಾಸಿಟ್ ಪುಟದಲ್ಲಿ ದೊಡ್ಡದಾಗಿ 'ಯಾವುದೇ ಶುಲ್ಕವಿಲ್ಲ' ಅಂತಲೇ ಬರೆದಿದೆ.

ಇದರ ಒಳಗುಟ್ಟು ತಿಳಿದವರು ಹೇಳಿ. ದುಡ್ಡು ಬರುತ್ತದಾ? ಇನ್ನೂ ಏನೇನು ಹಿಡಿದುಕೊಳ್ಳುತ್ತಾರೆ? ಸೈಟಿನ ಹೆಸರು ಇಲ್ಲಿ ಹಾಕಲ್ಲ, ಇಂಥವು ನೂರಾರು ಇವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ.

ಲೀಡ್ಸ್ ಕನ್ನಡಿಗ

ನಾನು ಇಲ್ಲಿ ಪಾವತಿ ವ್ಯವಹಾರದ ಕಂಪನಿಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ವೋಚರ್ ಅಂದರೆ ಬರೀ ಒಂದು ಕೋಡ್. ನಿಯೋಸರ್ಫ್‌ನಲ್ಲಿ 10 ಅಕ್ಷರ, ಪೇಸೇಫ್‌ಕಾರ್ಡ್‌ನಲ್ಲಿ 16 ಅಂಕಿ. ಅದರ ಹಿಂದೆ ಖಾತೆ ಇಲ್ಲ. ಖಾತೆ ಇಲ್ಲದ ಮೇಲೆ ವಾಪಸ್ ಎಲ್ಲಿಗೆ ಹಾಕುತ್ತಾರೆ? ಪೇಸೇಫ್‌ಕಾರ್ಡ್‌ನವರು ಕೆಲವು ದೇಶಗಳಲ್ಲಿ ಹೆಸರು ನೋಂದಾಯಿಸಿದ ಖಾತೆಗೆ ಗೆದ್ದ ಹಣ ಪಡೆಯಲು ಅವಕಾಶ ಕೊಡುತ್ತಾರೆ, ಆದರೆ ಅಂಗಡಿಯಲ್ಲಿ ಕೊಂಡ ಬರೀ ಚೀಟಿಗೆ ಅದು ಆಗಲ್ಲ. ಹಾಗಾಗಿ ಒಳಗೆ ಹೋಗಲು ಒಂದು ದಾರಿ, ಹೊರಗೆ ಬರಲು ಬೇರೆಯದೇ ದಾರಿ. ಕಾರ್ಡಿನಿಂದ ಹಾಕಿದವನ ಗುರುತು ಅರ್ಧ ಮೊದಲೇ ಸಿಕ್ಕಿರುತ್ತದೆ. ವೋಚರ್ ಹಾಕಿದವನು ಯಾರು ಅಂತ ಕ್ಯಾಸಿನೊಗೆ ಏನೂ ಗೊತ್ತಿರಲ್ಲ. ಹೊರಗೆ ಕೊಡುವಾಗ ಎಲ್ಲವನ್ನೂ ಒಟ್ಟಿಗೆ ಕೇಳುತ್ತಾರೆ.

ಅದನ್ನು ಮೊದಲೇ ಕೇಳಬಹುದಿತ್ತಲ್ಲ? ಕೇಳಬಹುದು. ಬ್ರಿಟನ್ನಿನಲ್ಲಿ 2019ರ ಮೇ 7ರಿಂದ ವಯಸ್ಸು, ಗುರುತು ಎರಡನ್ನೂ ಆಟ ಶುರುವಾಗುವ ಮುಂಚೆಯೇ ಖಚಿತ ಮಾಡಿಕೊಳ್ಳಬೇಕು. ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನು ವಿತ್‌ಡ್ರಾ ಮಾಡುವಾಗ ಕೇಳಿ ದುಡ್ಡು ತಡೆಹಿಡಿಯುವ ಹಾಗಿಲ್ಲ. ಇನ್ನೂ ಒಂದಿದೆ. ವಿತ್‌ಡ್ರಾ ಕೊಟ್ಟ ಮೇಲೆ 'ರದ್ದು ಮಾಡಿ ಮತ್ತೆ ಆಡಿ' ಅನ್ನುವ ಬಟನ್ ಇರುತ್ತಿತ್ತು ನೋಡಿ, ಅದನ್ನು ಇಲ್ಲಿ 2021ರ ಅಕ್ಟೋಬರ್ 31ರಿಂದ ಪೂರ್ತಿ ನಿಲ್ಲಿಸಿದರು. ಅಂದರೆ ಬೇಗ ಕೊಡುವುದು ಆಗದ ಕೆಲಸವೇನೂ ಅಲ್ಲ. ಕಾನೂನು ಹೇಳಿದ ಕಡೆ ಮಾಡುತ್ತಾರೆ, ಹೇಳದ ಕಡೆ ಮಾಡಲ್ಲ.

ಕೊಪ್ಪದ ಅಣ್ಣ, ನಿಮ್ಮ ಹುಡುಗನ ಖಾತೆಯಲ್ಲಿ ಆ ಬಟನ್ ಇದೆಯಾ ನೋಡಿ. ಇದ್ದರೆ ಈ ತಡ ಯಾಕೆ ಅನ್ನುವುದಕ್ಕೆ ಅದೇ ಉತ್ತರ.

ಕೊಪ್ಪದವನು (ಮೆಲ್ಬರ್ನ್)

ಇದೆ. 'ಪೆಂಡಿಂಗ್' ಅಂತ ಬರೆದಿರುವ ಪಕ್ಕದಲ್ಲೇ ಹಸಿರು ಬಣ್ಣದಲ್ಲಿದೆ. ಒಂದು ಸಲ ಒತ್ತಿದರೆ ಪೂರ್ತಿ ದುಡ್ಡು ಆಟಕ್ಕೆ ವಾಪಸ್. ದಾಖಲೆ ಅಪ್‌ಲೋಡ್ ಮಾಡುವ ಜಾಗ ಹುಡುಕಲು ಮೂರು ಮೆನು ದಾಟಬೇಕು, ಇದು ಮಾತ್ರ ಮೊದಲ ಪುಟದಲ್ಲೇ ಕಣ್ಣಿಗೆ ಹೊಡೆಯುತ್ತದೆ.

ತಿಪಟೂರು ತೆಂಗು

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲದಕ್ಕೂ ಕ್ಯಾಸಿನೊನೇ ಬೈದರೆ ಹೇಗೆ? ನಗದು ಕೊಟ್ಟು ಹೆಸರಿಲ್ಲದೆ ಕೊಂಡ ಕೋಡ್ ಅದು. ಕದ್ದ ದುಡ್ಡೂ ಇರಬಹುದು, ಕಪ್ಪು ಹಣ ಬಿಳಿ ಮಾಡುವವರೂ ಇರಬಹುದು. ವಿಚಾರಿಸದೆ ಕೊಟ್ಟರೆ ಅವರ ಲೈಸೆನ್ಸಿಗೇ ಕುತ್ತು. ರಸೀದಿ ಕೇಳಿದ್ದು ನನಗೆ ತಪ್ಪು ಅನ್ನಿಸಲಿಲ್ಲ.

ಲೀಡ್ಸ್ ಕನ್ನಡಿಗ

ರಸೀದಿ ಕೇಳುವುದು ತಪ್ಪಲ್ಲ ಸರ್, ನನ್ನ ಕೆಲಸವೇ ಅದು. ಆದರೆ ನಿಜವಾಗಿ ತಪಾಸಣೆ ಮಾಡುವವನು ಬೇಕಾದದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ಕೇಳುತ್ತಾನೆ. ಇವರು ಒಂದು ಕೊಟ್ಟ ಮೇಲೆ ಇನ್ನೊಂದು ಕೇಳುತ್ತಾರೆ, ಪ್ರತಿ ಸಲವೂ ಪರಿಶೀಲನೆಗೆ ಎರಡು ಮೂರು ಕೆಲಸದ ದಿನ ಅನ್ನುತ್ತಾರೆ, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ. ಕಪ್ಪು ಹಣದ ಭಯ ನಿಜವಾಗಿ ಇದ್ದರೆ ಹಾಕುವಾಗಲೂ ಇರಬೇಕಲ್ವಾ? ಅದೇ ಹುಡುಗ ಈಗ ಮತ್ತೊಂದು ವೋಚರ್ ಹಾಕಿದರೆ ಒಂದು ಪ್ರಶ್ನೆಯೂ ಇಲ್ಲದೆ ತೆಗೆದುಕೊಳ್ಳುತ್ತಾರೆ. ನನಗೆ ಸಂಶಯ ಬರುವುದು ಅಲ್ಲಿ.

ಲೆಕ್ಕದಮ್ಮ (ಮೈಸೂರು)

ನಾನು ಬ್ಯಾಂಕಿನಲ್ಲಿ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜೂಜಿನ ಬಗ್ಗೆ ನನಗೆ ಗೊತ್ತಿಲ್ಲ, ದುಡ್ಡು ಹೇಗೆ ಬರುತ್ತದೆ ಅನ್ನುವುದು ಗೊತ್ತು.

ಅಂತರರಾಷ್ಟ್ರೀಯ ಬ್ಯಾಂಕ್ ಟ್ರಾನ್ಸ್‌ಫರ್ ಅಂದರೆ ಸಾಮಾನ್ಯವಾಗಿ ಸ್ವಿಫ್ಟ್, ಅಂದರೆ ಬ್ಯಾಂಕುಗಳ ನಡುವಿನ ಅಂತರರಾಷ್ಟ್ರೀಯ ಸಂದೇಶ ಜಾಲದ ಮೂಲಕ. ಅವರ ಬ್ಯಾಂಕಿನಿಂದ ನಿಮ್ಮ ಬ್ಯಾಂಕಿಗೆ ನೇರ ಸಂಬಂಧ ಇಲ್ಲದಿದ್ದರೆ ನಡುವೆ ಒಂದೋ ಎರಡೋ ಬ್ಯಾಂಕು ಬರುತ್ತವೆ. ಪ್ರತಿಯೊಬ್ಬರೂ ತಮ್ಮ ಪಾಲು ಮುರಿದುಕೊಂಡೇ ಮುಂದಕ್ಕೆ ಕಳಿಸುತ್ತಾರೆ. ಖರ್ಚು ಯಾರದು ಅನ್ನುವುದಕ್ಕೆ ಮೂರು ಸಂಕೇತ ಇವೆ: ಓಯುಆರ್ ಅಂದರೆ ಕಳಿಸುವವನದು, ಎಸ್‌ಎಚ್‌ಎ ಅಂದರೆ ಹಂಚಿಕೆ, ಬಿಇಎನ್ ಅಂದರೆ ಪಡೆಯುವವನದು. ಕ್ಯಾಸಿನೊದವರು 'ನಾವು ಫೀ ಹಾಕಿಲ್ಲ' ಅಂದರೆ ಸುಳ್ಳು ಹೇಳಿದ ಹಾಗೂ ಅಲ್ಲ. ಬಿಇಎನ್ ಅಂತ ಹಾಕಿ ಕಳಿಸಿರುತ್ತಾರೆ, ಖರ್ಚೆಲ್ಲ ಪಡೆಯುವವನ ತಲೆಗೆ.

ಅದಾದ ಮೇಲೆ ಸ್ವೀಕರಿಸುವ ಬ್ಯಾಂಕಿನದೊಂದು ಚಾರ್ಜ್, ಯೂರೋದಿಂದ ಡಾಲರ್‌ಗೆ ಬದಲಾಯಿಸುವ ದರದಲ್ಲಿ ಇನ್ನೊಂದು ಕಡಿತ. ಹೋಗುವಾಗ ಡಾಲರ್ ಯೂರೋ ಆಯಿತು, ಬರುವಾಗ ಯೂರೋ ಡಾಲರ್ ಆಗುತ್ತದೆ. ಎರಡು ಸಲ ಬದಲಾದಾಗ ಎರಡು ಸಲ ನಷ್ಟ. ದೊಡ್ಡ ಮೊತ್ತಕ್ಕೆ ಇದು ಗೊತ್ತಾಗಲ್ಲ, 100 ಯೂರೋ ಕಳಿಸಿದರೆ ಕಾಲು ಭಾಗ ದಾರಿಯಲ್ಲೇ ಹೋಗಬಹುದು.

ಮಗೂ, ಅವನಿಗೆ ಒಂದು ಮಾತು ಹೇಳು. ದುಡ್ಡು ಕ್ಯಾಸಿನೊ ಹೆಸರಿನಲ್ಲಿ ಬರಲ್ಲ. ಸೈಪ್ರಸ್ಸಿನಲ್ಲೋ ಇನ್ನೆಲ್ಲೋ ಇರುವ ಪಾವತಿ ಕಂಪನಿಯ ಹೆಸರಿನಲ್ಲಿ ಬರಬಹುದು. ಬ್ಯಾಂಕಿನವರು ಇದು ಏನು ಅಂತ ಕೇಳಿದರೆ ನಿಜವನ್ನೇ ಹೇಳಲಿ. ಗೆಳೆಯ ಕಳಿಸಿದ್ದು, ಕೆಲಸದ ಸಂಬಳ ಅಂತ ಬಾಯಿಗೆ ಬಂದದ್ದು ಹೇಳಿದರೆ ಮುಂದೆ ಉತ್ತರ ಕೊಡುವುದು ಕಷ್ಟ.

ಅರಸೀಕೆರೆ ಜಂಕ್ಷನ್

ಹಳ್ಳಿ ಕಡೆ ಹೇಳುತ್ತಾರಲ್ಲ, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತ. ಅಷ್ಟೇ ಕಥೆ.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಕ್ರಿಪ್ಟೋದಲ್ಲಿ ತೆಗೆದರೆ ಅರ್ಧ ಗಂಟೆ. ನನ್ನ ಗೆಳೆಯರು ಹಾಗೇ ಮಾಡುತ್ತಾರೆ.

ಲೀಡ್ಸ್ ಕನ್ನಡಿಗ

ಕಳಿಸಿದ ಮೇಲೆ ಅರ್ಧ ಗಂಟೆ, ಅದು ಸರಿ. ಕಳಿಸುವ ಮುಂಚಿನ ಕಾಯುವಿಕೆ ಅದಕ್ಕೂ ಅಷ್ಟೇ ಇದೆ. ಪೆಂಡಿಂಗ್, ಪಾಸ್‌ಪೋರ್ಟ್, ಬಿಲ್ಲು, ರಸೀದಿ, ಇದ್ಯಾವುದೂ ತಪ್ಪಲ್ಲ. ಜೊತೆಗೆ ತಪ್ಪು ವಿಳಾಸಕ್ಕೆ ಕಳಿಸಿದರೆ ಹೋದ ದುಡ್ಡು ಹೋದಂತೆ. ಇದುವರೆಗೆ ಕ್ರಿಪ್ಟೋ ಮುಟ್ಟದ ಹುಡುಗನನ್ನು ಈ ದುಡ್ಡಿಗೋಸ್ಕರ ಅಲ್ಲಿಗೆ ಕಳಿಸುವುದು ಬೇಡ ಅಂತ ನನ್ನ ಅಭಿಪ್ರಾಯ.

ಗೋಕುಲ ರಸ್ತೆ (ಹುಬ್ಬಳ್ಳಿ)

ಅಣ್ಣಾರ, ನಿಮ್ಮಲ್ಲಿ ತಡ ಆಗುತ್ತದೆ, ಫೀ ಹೋಗುತ್ತದೆ. ನಮ್ಮ ಕಡೆ ಬ್ಯಾಂಕ್ ಖಾತೆನೇ ಹೋಗುತ್ತದೆ ನೋಡ್ರಿ.

ಇಲ್ಲಿ ವಿದೇಶಿ ವೋಚರ್ ಅಂಗಡಿಯಲ್ಲಿ ಸಿಗಲ್ಲ. ಟೆಲಿಗ್ರಾಂನಲ್ಲಿ ಏಜೆಂಟ್ ಇರುತ್ತಾನೆ. ಅವನು ಹೇಳಿದ ಯಾವುದೋ ಯುಪಿಐ ಐಡಿಗೆ ದುಡ್ಡು ಹಾಕಬೇಕು, ಅವನು ಕೋಡ್ ಕಳಿಸುತ್ತಾನೆ. ಕೆಲವು ಸಲ ಆಗಲೇ ಬಳಸಿದ ಕೋಡ್ ಕಳಿಸಿ ಬ್ಲಾಕ್ ಮಾಡಿ ಹೋಗುತ್ತಾನೆ. ನನ್ನ ಅಕ್ಕನ ಮಗ ಗೆದ್ದ ದುಡ್ಡನ್ನು ತೆಗೆದ. ಬಂತು, ಬೇಗನೇ ಬಂತು. ಯಾರಿಂದ? ಊರು ಹೆಸರು ಕೇಳದ ಯಾರೋ ಒಬ್ಬರ ಖಾತೆಯಿಂದ ಐಎಂಪಿಎಸ್. ಸ್ವಲ್ಪ ದಿನ ಆದ ಮೇಲೆ ಅವನ ಖಾತೆಯೇ ಫ್ರೀಜ್. ಬ್ಯಾಂಕಿನಲ್ಲಿ ಕೇಳಿದರೆ ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಪತ್ರ ಬಂದಿದೆ ಅಂದರು. ಯಾರಿಗೋ ಮೋಸ ಮಾಡಿ ಕಿತ್ತ ದುಡ್ಡನ್ನೇ ಇವನಿಗೆ ಗೆಲುವು ಅಂತ ಕಳಿಸಿದ್ದಾರೆ. ಇವನ ಸಂಬಳವೂ ಅದೇ ಖಾತೆಗೆ. ಮನೆ ಬಾಡಿಗೆಗೆ ಅಕ್ಕ ಬಳೆ ಅಡ ಇಟ್ಟರು.

ಕಡಿಮೆ ಫೀ, ಬೇಗ ದುಡ್ಡು ಅನ್ನುವವರ ಹತ್ತಿರ ಮೊದಲು ಒಂದೇ ಮಾತು ಕೇಳಿ: ಯಾರ ಖಾತೆಯಿಂದ ಕಳಿಸುತ್ತೀರಿ?

ಲೆಕ್ಕದಮ್ಮ (ಮೈಸೂರು)

ಹುಬ್ಬಳ್ಳಿಯವರು ಹೇಳಿದ್ದು ದೊಡ್ಡ ಸಂಗತಿ. ಭಾರತದಲ್ಲಿ ಇರುವವರಿಗೆ ಕಾನೂನು ಪೂರ್ತಿ ಬೇರೆ, ಅದನ್ನು ಬಿಡಿಸಿ ಹೇಳಿಬಿಡುತ್ತೇನೆ. ವಿದೇಶಕ್ಕೆ ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಇಂಥವಕ್ಕೆ ದುಡ್ಡು ಕಳಿಸುವುದನ್ನು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ, 2000ದ ನಿಯಮಗಳ ಮೊದಲ ಪಟ್ಟಿಯಲ್ಲೇ ನಿಷೇಧಿಸಿದ್ದಾರೆ. ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್ ಕಳಿಸಬಹುದು ಅನ್ನುವ ಸೌಲಭ್ಯ ಇದಕ್ಕೆ ಅನ್ವಯಿಸಲ್ಲ. ಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷ, 50 ಲಕ್ಷ. ಅದಕ್ಕೆ ಪಾವತಿ ಸೌಕರ್ಯ ಕೊಡುವ ಬ್ಯಾಂಕುಗಳನ್ನೂ ಬಿಟ್ಟಿಲ್ಲ. ಆಡಿದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಆದರೆ ದುಡ್ಡು ಸಿಕ್ಕಿಹಾಕಿಕೊಂಡರೆ ಬಿಡಿಸಿಕೊಡುವವರೂ ಇಲ್ಲ.

ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಬೇಕು. ಖಾತೆ ಫ್ರೀಜ್ ಆದವರು ಬ್ಯಾಂಕಿನಿಂದ ದೂರಿನ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು. ತಕರಾರಿರುವ ಮೊತ್ತವನ್ನಷ್ಟೇ ಹಿಡಿದು ಉಳಿದದ್ದನ್ನು ಬಿಡಿ ಅಂತ ಅರ್ಜಿ ಕೊಡಬೇಕು.

ಪರ್ತ್ ನರ್ಸಕ್ಕ

ಕೊಪ್ಪದ ತಮ್ಮ, ಆಸ್ಟ್ರೇಲಿಯಾದ ವಿಷಯ ಇನ್ನೂ ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ಇಲ್ಲಿನ ಲೈಸೆನ್ಸ್ ಇರುವ ಕಂಪನಿಗಳು ಕ್ರೀಡೆ, ಕುದುರೆ ಮೇಲೆ ಬಾಜಿ ತೆಗೆದುಕೊಳ್ಳಬಹುದು. ಆನ್‌ಲೈನ್ ಪೋಕೀಸ್, ರೂಲೆಟ್ ಥರದ್ದನ್ನು ಇಲ್ಲಿನ ಜನಕ್ಕೆ ಕೊಡುವುದು 2001ರ ಕಾಯ್ದೆ ಪ್ರಕಾರ ಅಪರಾಧ. ಆಡಿದವರ ಮೇಲೆ ಕೇಸಿಲ್ಲ. ಅಂದರೆ ನೀವು ವೋಚರ್ ಹಾಕಿ ಪೋಕೀಸ್ ಆಡುವ ಸೈಟ್ ಯಾವುದೇ ಇರಲಿ, ಅದು ಹೊರದೇಶದ್ದು, ಇಲ್ಲಿನ ಲೈಸೆನ್ಸ್ ಇಲ್ಲದ್ದು. ಎಸಿಎಂಎ ಅನ್ನುವ ಸರ್ಕಾರಿ ಸಂಸ್ಥೆ 2019ರ ನವೆಂಬರ್‌ನಿಂದ ಇಂಥ ಸಾವಿರಕ್ಕೂ ಹೆಚ್ಚು ಸೈಟುಗಳನ್ನು ಬ್ಲಾಕ್ ಮಾಡಿಸಿದೆ. ಅವರಿಗೆ ದೂರು ಕೊಡಬಹುದು, ಕೊಡಲೇಬೇಕು. ಆದರೆ ನಿಮ್ಮ ದುಡ್ಡನ್ನು ಅವರು ವಾಪಸ್ ಕೊಡಿಸಲ್ಲ.

ಇನ್ನೊಂದು ಭಯ ಇದೆ. ಪೆಂಡಿಂಗ್ ಇರುವಾಗಲೇ ಸೈಟ್ ಬ್ಲಾಕ್ ಆದರೆ? ಆಗ ಬೇರೆ ವಿಳಾಸದಲ್ಲಿ ಅದೇ ಅಂಗಡಿ ತೆರೆಯುತ್ತಾರೆ, ಹಳೇ ಖಾತೆ ಬಂದರೆ ಬಂತು. ಆದ್ದರಿಂದ ಬ್ಯಾಲೆನ್ಸ್, ವಿತ್‌ಡ್ರಾ ಕೋರಿಕೆ, ಚಾಟ್, ನಿಯಮಗಳ ಪುಟ, ಎಲ್ಲದರ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಲಿ, ದಿನಾಂಕ ಕಾಣುವ ಹಾಗೆ.

ಆ ಹುಡುಗ ರಾತ್ರಿ ನಿದ್ದೆ ಮಾಡುತ್ತಿದ್ದಾನಾ? ಅದನ್ನು ನೋಡಿ. ದುಡ್ಡು ಪೆಂಡಿಂಗ್ ಇರುವ ದಿನಗಳೇ ಅಪಾಯ. ಚಾಟಿನಲ್ಲಿ ಇರುವವರು ಮೂಗಿಗೆ ತುಪ್ಪ ಸವರಿದ ಹಾಗೆ 'ತಡವಾಗಿದ್ದಕ್ಕೆ ನಿಮಗೊಂದು ಉಚಿತ ಬೋನಸ್' ಅನ್ನುತ್ತಾರೆ. ಅದನ್ನು ತೆಗೆದುಕೊಂಡ ಕೂಡಲೇ ಖಾತೆಗೆ ಹೊಸ ಷರತ್ತು ಬೀಳುತ್ತದೆ.

ಲೀಡ್ಸ್ ಕನ್ನಡಿಗ

ಅಕ್ಕ ಹೇಳಿದ ಷರತ್ತಿನ ಲೆಕ್ಕ ಹಾಕಿ ತೋರಿಸುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ದೊಡ್ಡ ಶುಲ್ಕ ಇದೇ, ಇದಕ್ಕೆ ಶುಲ್ಕ ಅನ್ನುವ ಹೆಸರೇ ಇಲ್ಲ.

100 ಹಾಕಿದ್ದೀರಿ, 100 ಬೋನಸ್ ಕೊಟ್ಟರು. ಷರತ್ತು 40 ಪಟ್ಟು, ಡೆಪಾಸಿಟ್ ಮತ್ತು ಬೋನಸ್ ಎರಡರ ಮೇಲೂ. 200ನ್ನು 40ರಿಂದ ಗುಣಿಸಿದರೆ 8,000. ಅಷ್ಟು ಮೊತ್ತದ ಬಾಜಿ ಕಟ್ಟಿ ಮುಗಿಸುವವರೆಗೆ ಒಂದು ಪೈಸೆ ಹೊರಗೆ ಬರಲ್ಲ. 96 ಶೇಕಡಾ ವಾಪಸ್ ಕೊಡುವ ಸ್ಲಾಟ್ ಅಂತಲೇ ಇಟ್ಟುಕೊಳ್ಳಿ, 8,000ಕ್ಕೆ ಸರಾಸರಿ ನಷ್ಟ 320. ಕೈಯಲ್ಲಿ ಇರುವುದೇ 200. ಬಹಳಷ್ಟು ಜನ ಮುಗಿಸುವ ಮುಂಚೆಯೇ ಸೊನ್ನೆಗೆ ಬಂದಿರುತ್ತಾರೆ. ನಡುವೆ ಒಂದು ಸಲ ಹೆಚ್ಚು ಬಾಜಿ ಕಟ್ಟಿದರೆ, ಉದಾಹರಣೆಗೆ 5ರ ಮಿತಿ ಇದ್ದಾಗ 6 ಕಟ್ಟಿದರೆ, 'ನಿಯಮ ಮುರಿದಿದ್ದೀರಿ' ಅಂತ ಗೆದ್ದದ್ದೆಲ್ಲ ವಜಾ.

ಬೋನಸ್ ಬೇಡ ಅಂದವರಿಗೂ ಒಂದು ಗಂಟು ಇದೆ. ಹಲವು ಸೈಟುಗಳಲ್ಲಿ ಬರೀ ಡೆಪಾಸಿಟ್ಟನ್ನೇ ಒಂದು ಪಟ್ಟೋ ಮೂರು ಪಟ್ಟೋ ಆಡಬೇಕು, ಆಡದೆ ತೆಗೆದರೆ ಆಡಳಿತ ಶುಲ್ಕ ಮುರಿಯುತ್ತಾರೆ. ಮತ್ತೆ ಕನಿಷ್ಠ ಮೊತ್ತ. ವೋಚರ್‌ನಲ್ಲಿ 10, 20 ಹಾಕಲು ಬಿಡುತ್ತಾರೆ. ಬ್ಯಾಂಕಿಗೆ ತೆಗೆಯಲು ಕನಿಷ್ಠ 100 ಅನ್ನುತ್ತಾರೆ. 70 ಇದ್ದವನು ಏನು ಮಾಡುತ್ತಾನೆ? ಇನ್ನೊಂದು ವೋಚರ್ ತರುತ್ತಾನೆ, ಇಲ್ಲವೇ 70ನ್ನೂ ಆಡಿ ಮುಗಿಸುತ್ತಾನೆ. ಹಾಗೇ ಬಿಟ್ಟು ಹೋದರೆ ಕೆಲವು ತಿಂಗಳ ನಂತರ ನಿಷ್ಕ್ರಿಯ ಖಾತೆ ಶುಲ್ಕ ಅಂತ ತಿಂಗಳು ತಿಂಗಳು ಕತ್ತರಿಸುತ್ತಾರೆ. ಮೂರರಲ್ಲಿ ಯಾವುದಾದರೂ ಅವರಿಗೇ ಲಾಭ.

ತಿಪಟೂರು ತೆಂಗು

ಸರಿ, ಈ ಲೆಕ್ಕ ನೋಡಿದ ಮೇಲೆ ನನ್ನ ಮಾತು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ರಸೀದಿ ಕೇಳಿದ್ದರಲ್ಲಿ ಈಗಲೂ ತಪ್ಪು ಕಾಣಿಸಲ್ಲ, ಆದರೆ ಕನಿಷ್ಠ ಮೊತ್ತ ಹಾಕಲು 10, ತೆಗೆಯಲು 100 ಅನ್ನುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಒಂದು ಪ್ರಶ್ನೆ. ಸೈಟಿನ ಕೆಳಗಡೆ ಕ್ಯುರಸಾವ್ (ಕೆರಿಬಿಯನ್ ದ್ವೀಪ) ಲೈಸೆನ್ಸ್ ಅಂತ ಇರುತ್ತದಲ್ಲ, ಅಲ್ಲಿಗೆ ದೂರು ಕೊಡಬಹುದಾ?

ಲೀಡ್ಸ್ ಕನ್ನಡಿಗ

ಕೊಡಬಹುದು. ಹಿಂದೆ ಕ್ಯುರಸಾವ್‌ನಲ್ಲಿ ನಾಲ್ಕು ಮೂಲ ಲೈಸೆನ್ಸುಗಳಿದ್ದವು, ಅವರ ಕೆಳಗೆ ಲೆಕ್ಕವಿಲ್ಲದಷ್ಟು ಉಪ ಲೈಸೆನ್ಸುಗಳು. ದೂರು ಕೊಟ್ಟರೆ ಯಾರು ಓದುತ್ತಿದ್ದರು ಅಂತ ಕೇಳಬೇಡಿ. 2024ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ಜಾರಿಗೆ ಬಂತು, ಈಗ ಸರ್ಕಾರಿ ಪ್ರಾಧಿಕಾರವೇ ನೇರವಾಗಿ ಲೈಸೆನ್ಸ್ ಕೊಡುತ್ತದೆ. ಸೈಟಿನ ಕೆಳಗಿರುವ ಮುದ್ರೆಯನ್ನು ಒತ್ತಿ ನೋಡಿ. ಪ್ರಾಧಿಕಾರದ ಪುಟ ತೆರೆದು ಅದೇ ಸೈಟಿನ ವಿಳಾಸ ತೋರಿಸಬೇಕು. ಬರೀ ಚಿತ್ರವಾಗಿದ್ದರೆ ಲೈಸೆನ್ಸನ್ನು ಮರೆತುಬಿಡಿ.

ಬ್ರಿಟನ್ನಿನ ಲೈಸೆನ್ಸ್ ಇದ್ದರೆ ಪರಿಸ್ಥಿತಿ ಬೇರೆ. ಕಂಪನಿಗೆ ದೂರು ಕೊಟ್ಟು 8 ವಾರದೊಳಗೆ ಬಗೆಹರಿಯದಿದ್ದರೆ ಐಬಿಎಎಸ್ ಥರದ ಸ್ವತಂತ್ರ ಸಂಸ್ಥೆಗೆ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಹಾಗಾಗಿ ವೋಚರ್ ಕೊಳ್ಳುವ ಮುಂಚೆ ಕೇಳಬೇಕಾದದ್ದು ಎಷ್ಟು ಬೇಗ ಜಮಾ ಆಗುತ್ತದೆ ಅಂತ ಅಲ್ಲ. ಯಾವ ದಾರಿಯಲ್ಲಿ ಹೊರಗೆ ಬರುತ್ತದೆ, ಕನಿಷ್ಠ ಎಷ್ಟು, ಯಾವ ಕರೆನ್ಸಿ, ತಕರಾರು ಬಂದರೆ ಕೇಳುವವರು ಯಾರು. ಈ ನಾಲ್ಕಕ್ಕೆ ನಿಯಮಗಳ ಪುಟದಲ್ಲಿ ಉತ್ತರ ಸಿಗದಿದ್ದರೆ ದುಡ್ಡು ಹಾಕಬೇಡಿ.

ಕೊಪ್ಪದವನು (ಮೆಲ್ಬರ್ನ್)

ಎಲ್ಲರಿಗೂ ತುಂಬಾ ಉಪಕಾರ. ಆದದ್ದು ಹೇಳುತ್ತೇನೆ.

ರಸೀದಿ ಹೋಗಿತ್ತು. ಆದರೆ ಕೋಡ್ ಹೊಡೆಯುವಾಗ ಕಾಣಲಿ ಅಂತ ಫೋನಿನಲ್ಲಿ ತೆಗೆದ ಫೋಟೋ ಗ್ಯಾಲರಿಯಲ್ಲೇ ಇತ್ತು. ಆನ್‌ಲೈನ್ ಕೊಂಡದ್ದಕ್ಕೆ ಇಮೇಲ್ ಇತ್ತು. ಅದನ್ನು ಕಳಿಸಿದ. ಜೊತೆಗೆ ಒಂದೇ ಇಮೇಲಿನಲ್ಲಿ ಪಾಸ್‌ಪೋರ್ಟ್, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿ, 'ಇನ್ನೇನಾದರೂ ಬೇಕಿದ್ದರೆ ಪೂರ್ತಿ ಪಟ್ಟಿಯನ್ನು ಒಮ್ಮೆಗೇ ಕೊಡಿ, ಎಷ್ಟನೇ ನಿಯಮದ ಪ್ರಕಾರ ಅಂತಲೂ ಬರೆಯಿರಿ' ಅಂತ ಕೇಳಿದೆವು. ಚಾಟಿನಲ್ಲಿ ಮಾತಾಡುವುದನ್ನು ನಿಲ್ಲಿಸಿದೆವು. ಚಾಟಿನಲ್ಲಿ ಪ್ರತಿ ಸಲ ಹೊಸ ಹೆಸರಿನವರು ಬಂದು ಮೊದಲಿಂದ ಕೇಳುತ್ತಾರೆ, ಇಮೇಲಿಗೆ ಹಾಗೆ ಮಾಡಲು ಆಗಲಿಲ್ಲ.

ಕೊನೆಗೆ 600ಕ್ಕೆ ಒಪ್ಪಿದರು. 640ರಲ್ಲಿ 40 ಯಾಕೆ ಬಿಟ್ಟಿರಿ ಅಂದರೆ, ವಿತ್‌ಡ್ರಾ ನೂರರ ಲೆಕ್ಕದಲ್ಲೇ ಮಾಡಬೇಕಂತೆ. ನಿಯಮಗಳ ಪುಟದಲ್ಲಿ ಹುಡುಕಿದರೆ ನಿಜವಾಗಿಯೂ ಇದೆ, ಅತಿ ಕೆಳಗೆ. 600ರಲ್ಲಿ 25 ಅವರ ಪ್ರೊಸೆಸಿಂಗ್. ಅಮ್ಮ ಹೇಳಿದ ಹಾಗೇ ನಡುವಿನ ಬ್ಯಾಂಕು 18 ಹಿಡಿಯಿತು. ಇಲ್ಲಿನ ಬ್ಯಾಂಕು 12 ಡಾಲರ್. ದರದಲ್ಲಿ ಎಷ್ಟು ಹೋಯಿತು ಅಂತ ಬೇರೆ ಬರೆಯಲ್ಲ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಂದ ಹೆಸರು ಯಾವುದೋ ಟ್ರೇಡಿಂಗ್ ಕಂಪನಿ.

ದುಡ್ಡು ಬಂತಲ್ಲ ಅಂತ ಅವನಿಗೆ ಖುಷಿ. ನಾವಿಬ್ಬರೂ ಕೂತು ಅವನು ಇದುವರೆಗೆ ಕೊಂಡ ವೋಚರ್‌ಗಳನ್ನೆಲ್ಲ ಕೂಡಿಸಿದೆವು. ವೋಚರ್ ಅಂಗಡಿಯಲ್ಲಿ ನಗದಿಗೆ ಕೊಂಡದ್ದು, ಸ್ಟೇಟ್‌ಮೆಂಟಿನಲ್ಲಿ ಎಟಿಎಂ ಅಂತ ಮಾತ್ರ ಕಾಣುತ್ತದೆ, ಅದಕ್ಕೇ ಅವನಿಗೆ ಒಟ್ಟು ಎಷ್ಟು ಅಂತ ಅಂದಾಜೇ ಇರಲಿಲ್ಲ. ಕ್ಯಾಸಿನೊ ಖಾತೆಯ ಡೆಪಾಸಿಟ್ ಇತಿಹಾಸ ತೆಗೆದು ನೋಡಿದೆವು. ಬಂದ ದುಡ್ಡಿಗಿಂತ ಹೋದದ್ದು ಬಹಳ ಜಾಸ್ತಿ. ಅವನು ಸುಮ್ಮನೆ ಫೋನ್ ನೋಡುತ್ತಾ ಕೂತ. ಕಾಲೇಜಿನ ಮುಂದಿನ ಫೀ ಕಂತು ಇದರಲ್ಲೇ ಇತ್ತು ಅಂತ ಆಮೇಲೆ ಹೇಳಿದ.

ಪರ್ತ್ ನರ್ಸಕ್ಕ

ತಮ್ಮ, ಅವನನ್ನು ಬೈಯಬೇಡಿ. ಜೂಜಿನ ಸಹಾಯವಾಣಿ 1800 858 858ಕ್ಕೆ ಫೋನ್ ಮಾಡಿಸಿ, ಹಗಲು ರಾತ್ರಿ ಇರುತ್ತಾರೆ, ಹಣ ಕೇಳಲ್ಲ. ಬೆಟ್‌ಸ್ಟಾಪ್ ಅಂತ ಒಂದು ನೋಂದಣಿ ಇದೆ, 2023ರ ಆಗಸ್ಟ್‌ನಿಂದ ಶುರುವಾಗಿದೆ. ಅದರಲ್ಲಿ ಹೆಸರು ಹಾಕಿದರೆ ಇಲ್ಲಿನ ಲೈಸೆನ್ಸ್ ಇರುವ ಬಾಜಿ ಕಂಪನಿಗಳು ಅವನನ್ನು ಸೇರಿಸಲ್ಲ. ಹೊರದೇಶದ ಸೈಟಿಗೆ ಅದು ಮುಟ್ಟಲ್ಲ, ಅದಕ್ಕೆ ಫೋನಿನಲ್ಲಿ ತಡೆಯುವ ಆ್ಯಪ್ ಬೇರೆ ಹಾಕಬೇಕು. ಕಾಲೇಜಿನಲ್ಲಿ ಫೀ ಕಂತಿಗೆ ಸಮಯ ಕೇಳಬಹುದು. ಗಡುವಿನ ಮುಂಚೆಯೇ ಹೋಗಿ ಕೇಳಲಿ, ಆಮೇಲೆ ವೀಸಾ ತನಕ ಹೋಗುತ್ತದೆ.

ಊರಲ್ಲಿ ಇರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಅಂತ ಫೋನ್, ಆನ್‌ಲೈನ್ ಆಟದ ಚಟಕ್ಕೇ ಬೇರೆ ವಿಭಾಗ ಇದೆ.

ಗೋಕುಲ ರಸ್ತೆ (ಹುಬ್ಬಳ್ಳಿ)

ಇನ್ನೊಂದು ಎಚ್ಚರಿಕೆ ಅಣ್ಣಾರ. ಇಂಥ ಚರ್ಚೆ ಓದಿ ಯಾರಾದರೂ ನಿಮಗೆ ಮೆಸೇಜ್ ಮಾಡಿ 'ಸಿಕ್ಕಿಹಾಕಿಕೊಂಡ ದುಡ್ಡು ಬಿಡಿಸಿಕೊಡುತ್ತೇವೆ' ಅಂದರೆ ನಂಬಬೇಡಿ. ಮೊದಲು ತೆರಿಗೆ ಕಟ್ಟಿ, ಅದನ್ನು ವೋಚರ್ ಕೋಡ್‌ನಲ್ಲಿ ಕಳಿಸಿ ಅನ್ನುತ್ತಾರೆ. ಯಾವ ಸರ್ಕಾರವೂ ವೋಚರ್ ಕೋಡ್‌ನಲ್ಲಿ ತೆರಿಗೆ ತೆಗೆದುಕೊಳ್ಳಲ್ಲ ನೋಡ್ರಿ. ಕೋಡ್ ಓದಿ ಹೇಳಿದರೆ ಮುಗಿಯಿತು, ಅದು ನಗದು ಕೈಗೆ ಕೊಟ್ಟ ಹಾಗೆ.

ಕೊಪ್ಪದವನು (ಮೆಲ್ಬರ್ನ್)

ಕೊನೇ ಪ್ರಶ್ನೆ. ಅವನ ಹತ್ತಿರ ಇನ್ನೂ ಬಳಸದ 50 ಡಾಲರ್ ವೋಚರ್ ಒಂದು ಉಳಿದಿದೆ. ಅದನ್ನು ಆಡದೆ ದುಡ್ಡು ಮಾಡಿಕೊಳ್ಳಲು ಆಗುತ್ತದಾ?

ಲೀಡ್ಸ್ ಕನ್ನಡಿಗ

ಯೂರೋಪಿನಲ್ಲಿ, ಬ್ರಿಟನ್ನಿನಲ್ಲಿ ಇಂಥ ಇ-ಹಣ ಕೊಟ್ಟ ಕಂಪನಿ, ಕೇಳಿದಾಗ ಅದರ ಪೂರ್ಣ ಬೆಲೆ ವಾಪಸ್ ಕೊಡಬೇಕು ಅಂತ ಕಾನೂನಿದೆ. ಮೊದಲೇ ಕರಾರಿನಲ್ಲಿ ಹೇಳಿದ್ದರೆ, ಅದೂ ಕೆಲವು ಸಂದರ್ಭದಲ್ಲಿ ಮಾತ್ರ, ಸ್ವಲ್ಪ ಶುಲ್ಕ ಹಿಡಿಯಬಹುದು. ಆಸ್ಟ್ರೇಲಿಯಾದಲ್ಲಿ ಆ ಯೂರೋಪಿನ ಕಾನೂನು ನಡೆಯಲ್ಲ, ವೋಚರ್ ಕಂಪನಿಯ ನಿಯಮ ಓದಬೇಕು. ಕ್ಯಾಸಿನೊವನ್ನು ಕೇಳಬೇಡಿ, ವೋಚರ್ ಕಂಪನಿಯ ಸಹಾಯ ಪುಟಕ್ಕೇ ನೇರವಾಗಿ ಹೋಗಿ, ಅದರ ವಿಳಾಸ ಚೀಟಿಯಲ್ಲಿದೆಯಾ ನೋಡಿ. ರೀಫಂಡ್ ಕೊಡುವುದಿದ್ದರೆ ರಸೀದಿ ಕೇಳುತ್ತಾರೆ. ವಾಯಿದೆ ದಿನಾಂಕವನ್ನೂ ನೋಡಿ. ಕೆಲವು ಕಂಪನಿಗಳು ಇಷ್ಟು ತಿಂಗಳಾದ ಮೇಲೆ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಮುರಿಯುತ್ತವೆ.

ಕೊಪ್ಪದವನು (ಮೆಲ್ಬರ್ನ್)

ಸರಿ ಅಣ್ಣ. ಈ ಚೀಟಿ ಅವನ ಪರ್ಸಿನಲ್ಲೇ ಇದೆ, ರಸೀದಿಯೂ ಅದರ ಜೊತೆಗೇ ಇದೆ. ನಾಳೆ ಬೆಳಿಗ್ಗೆ ಅವನ ಕೈಯಲ್ಲೇ ಇಮೇಲ್ ಬರೆಸುತ್ತೇನೆ. ಅವರು ಏನು ಉತ್ತರ ಕೊಟ್ಟರು ಅಂತ ಇಲ್ಲೇ ಹಾಕುತ್ತೇನೆ, ಇದೇ ಥರ ವೋಚರ್ ಉಳಿಸಿಕೊಂಡವರು ಇನ್ನೂ ಇರಬಹುದು.